ಇನ್ನು ಉತ್ತರ ಕೊಡಬೇಡಿ, ಇಳಿಯುತ್ತಿದ್ದೀರಿ

ಮಾತುಗಾರರು ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ನನ್ನ ಹಾಗೆ ಮೂಲೆಯಲ್ಲಿ ಸುಮ್ಮನೆ ಕೂತವರ ಪಕ್ಕಕ್ಕೆ ಅವು ತಾವಾಗಿಯೇ ಬಂದು ಕೂರುತ್ತವೆ. ಎದ್ದು ಹೋಗಿ ಅನ್ನಲು ನಮಗೆ ಸಂಕೋಚ. ಅದರಲ್ಲೂ ಚೆನ್ನೈ ಬಂದರಿನ ಪಕ್ಕದ ರಾಯಪುರಂನ ಒಂದು ಗೋಡೌನಿನಲ್ಲಿ, ಮಿಲಿಟರಿಯವರು ಬೇಡವೆಂದು ಬಿಟ್ಟ ಹಳೇ ರೇಡಾರನ್ನು ರಿಪೇರಿ ಮಾಡುವ ಕೆಲಸಕ್ಕೆ ಸೇರಿದ ಮೇಲೆ, ಕೂರಲು ಜಾಗವೇ ಸಾಲದಷ್ಟು ಬಂದವು. ಕೆಲವನ್ನಾದರೂ ಬರೆದು ಸಾಗಹಾಕೋಣ ಅಂತ ಕೂತಿದ್ದೇನೆ.

ಬಾಯಿ ಬಿಡದೆ ಸಿಕ್ಕ ಕೆಲಸ

ಗೋಡೌನಿನ ಯಜಮಾನರನ್ನು ಎಲ್ಲರೂ ಮೊದಲಾಳಿ ಅನ್ನುತ್ತಾರೆ. ಹಡಗುಗಳಿಗೆ ಹಗ್ಗ, ಬಣ್ಣ, ಬೋಲ್ಟು ಮಾರಿ ಮೇಲೆ ಬಂದವರು. ವಯಸ್ಸಾದ ಮೇಲೆ ಹಳೇ ವಿಮಾನಗಳ ಹುಚ್ಚು ಹಿಡಿದು, ಗೋಡೌನಿನಲ್ಲೇ ಒಂದು ಮ್ಯೂಸಿಯಂ ಮಾಡಲು ಹೊರಟಿದ್ದರು. ಅದೇ ಹುಚ್ಚಿನಲ್ಲಿ ಯಾವುದೋ ಹರಾಜಿನಿಂದ ಈ ರೇಡಾರನ್ನು ತಂದಿದ್ದರು. ಗೋಡೌನಿನ ಅಂಗಳದಲ್ಲಿ ನಿಂತಿತ್ತು, ನೋಡಲು ಲಾರಿಯಿಂದ ಇಳಿಸಿದ ತಗಡಿನ ಕೋಣೆ. ತಲೆಯ ಮೇಲೆ ಬಾಗಿದ ಜಾಲರಿಯಂಥ ಆಂಟೆನಾ, ಹೊಟ್ಟೆಯಲ್ಲಿ ಒಂದು ಸ್ಕ್ರೀನು. ಮಂಜಿಗೋ ಮಳೆಗೋ ಪೈಲಟ್ಟಿಗೆ ರನ್‌ವೇ ಕಾಣದೆ ಹೋದಾಗ, ಈ ಕೋಣೆಯಲ್ಲಿ ಕೂತವರು ಸ್ಕ್ರೀನಿನ ಚುಕ್ಕೆಯನ್ನು ನೋಡುತ್ತ, "ಸ್ವಲ್ಪ ಎಡಕ್ಕೆ, ಎತ್ತರ ಜಾಸ್ತಿಯಾಯಿತು, ಇಳಿಸಿ" ಅಂತ ರೇಡಿಯೋದಲ್ಲಿ ಹೇಳಿ ಹೇಳಿಯೇ ವಿಮಾನವನ್ನು ನೆಲಕ್ಕೆ ತರುತ್ತಿದ್ದರು.

ವಯಸ್ಸಿನಲ್ಲಿದ್ದಾಗ ಆ ಕೆಲಸ ಮಾಡಿ ನಿವೃತ್ತರಾದವರೊಬ್ಬರನ್ನು ಮೊದಲಾಳಿ ಹುಡುಕಿ ತಂದಿದ್ದರು. ನಾನು ಅವರನ್ನು ಸಾರ್ ಅನ್ನುತ್ತೇನೆ. ಕೋಲಾರದ ಕಡೆಯವರು. ಕನ್ನಡ, ತಮಿಳು, ರೇಡಿಯೋ ಇಂಗ್ಲಿಷು ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಾರೆ. ನನ್ನ ಇಂಟರ್ವ್ಯೂ ಮಾಡಿದ್ದು ಅವರೇ.

"ಬೆಸುಗೆ ಹಾಕಲು ಬರುತ್ತಾ ನಿನಗೆ?"

ತಲೆಯಾಡಿಸಿದೆ.

"ವಾಲ್ವ್ ನೋಡಿದ್ದೀಯಾ? ಬಲ್ಬ್ ತರಹ ಇರುತ್ತೆ, ಹಳೇ ರೇಡಿಯೋದಲ್ಲಿ."

ಇಲ್ಲ ಅಂತ ತಲೆಯಾಡಿಸಿದೆ.

"ನಾನು ಸ್ವಲ್ಪ ಜಾಸ್ತಿ ಮಾತಾಡ್ತೀನಿ. ಮಧ್ಯ ಬಾಯಿ ಹಾಕ್ತೀಯಾ?"

ಅವರು ಇನ್ನೂ ಮುಗಿಸಿಲ್ಲವೇನೋ ಅಂತ ಕಾದೆ. ಅವರೂ ಕಾದರು. ಕೊನೆಗೆ ಮೊದಲಾಳಿ ಕಡೆ ತಿರುಗಿ, "ಇವಳೇ ಸಾಕು" ಅಂದರು. ನನ್ನ ಜೊತೆ ಓದಿದವರೆಲ್ಲ ಇಂಟರ್ವ್ಯೂನಲ್ಲಿ ಚೆನ್ನಾಗಿ ಮಾತಾಡುವುದು ಹೇಗೆ ಅಂತ ಕೋರ್ಸು ಮಾಡಿದ್ದರು.

ಮೊದಲಾಳಿ ಅವತ್ತೇ ಷರತ್ತು ಹಾಕಿದರು. ಮ್ಯೂಸಿಯಂ ಉದ್ಘಾಟನೆಯ ದಿನ ಎಲ್ಲರ ಎದುರು ಸ್ಕ್ರೀನಿನಲ್ಲಿ ಒಂದು ಚುಕ್ಕೆ ಬರಬೇಕು, ಗೆರೆಯ ಮೇಲೆ ಜಾರಿ ನೆಲಕ್ಕೆ ಇಳಿಯಬೇಕು. ಇಳಿದರೆ ರೇಡಾರ್ ಉಳಿಯುತ್ತದೆ. ಇಳಿಯದಿದ್ದರೆ ಒಳಗಿನದನ್ನೆಲ್ಲ ಗುಜರಿಗೆ ಹಾಕಿ, ಕೋಣೆಗೆ ಒಂದು ಕಿಟಕಿ ಕೊರೆದು, ಟಿಕೆಟ್ ಕೌಂಟರ್ ಮಾಡುತ್ತಾರೆ. ಸಾರ್ ಆ ಸ್ಕ್ರೀನನ್ನು ಕರ್ಚೀಫಿನಲ್ಲಿ ಒರೆಸುತ್ತಲೇ ಇದ್ದರು. ಮರುದಿನವೇ ಬಡಗಿ ಬಂದು, ಕಿಟಕಿ ಎಲ್ಲಿ ಬರಬೇಕೋ ಅಲ್ಲಿ ಸೀಮೆಸುಣ್ಣದಲ್ಲಿ ಚೌಕ ಬರೆದು ಹೋದ. ಸಾರ್ ಅದು ಕಾಣದ ಹಾಗೆ ಕ್ಯಾಲೆಂಡರ್ ನೇತುಹಾಕಿದರು. ಬಡಗಿ ಮುಂದಿನ ವಾರ ಬಂದು, ಕ್ಯಾಲೆಂಡರನ್ನು ಅಲುಗಿಸದೆ, ಮರ್ಯಾದೆಯಿಂದ ಅದರ ಮೇಲೇ ಚೌಕ ಬರೆದು ಹೋದ.

ಐಸ್ ಲಾರಿ

ವಿಮಾನವನ್ನು ಮಾತಿನಲ್ಲಿ ಇಳಿಸುವುದಕ್ಕೆ ಒಂದು ನಿಯಮವಿದೆ. ಕೊನೇ ಹಂತದಲ್ಲಿ ಪೈಲಟ್ಟಿಗೆ "ಇನ್ನು ಉತ್ತರ ಕೊಡಬೇಡಿ" ಅಂತ ಹೇಳಿಬಿಡುತ್ತಾರೆ. ಅವನಿಗೆ ಕೈತುಂಬ ಕೆಲಸವಿರುತ್ತದೆ. ಆಮೇಲೆ ಹೇಳುವವರು ಐದು ಸೆಕೆಂಡಿಗಿಂತ ಹೆಚ್ಚು ಸುಮ್ಮನಿರುವ ಹಾಗಿಲ್ಲ. ಸುಮ್ಮನಾದರೆ ರೇಡಿಯೋ ಕೆಟ್ಟಿತು ಅಂದುಕೊಂಡು ಪೈಲಟ್ ವಾಪಸ್ ಮೇಲಕ್ಕೆ ಹಾರುತ್ತಾನೆ.

ಸಾರ್ ನಿವೃತ್ತರಾದರೂ ಈ ನಿಯಮ ನಿವೃತ್ತವಾಗಿರಲಿಲ್ಲ. ನಾನು ಬೆಸುಗೆ ಹಾಕುವಾಗ, "ಸ್ವಲ್ಪ ಬಲಕ್ಕೆ, ಚೆನ್ನಾಗಿದೆ, ಕೈ ಇಳಿಸು, ಇಳಿಸು, ತಗುಲಿತು" ಅನ್ನುತ್ತಿದ್ದರು. ಡಬ್ಬಿಯಿಂದ ಸಾಂಬಾರ್ ಬಗ್ಗಿಸಿಕೊಳ್ಳುವಾಗಲೂ ಅನ್ನುತ್ತಿದ್ದರು. ನನಗೆ ಹಿತವಾಗಿಯೇ ಇತ್ತು. ಉತ್ತರ ಕೊಡಬಾರದು ಅನ್ನುವ ನಿಯಮವಿರುವ ಇನ್ನೊಂದು ಆಫೀಸು ನನಗೆ ಗೊತ್ತಿಲ್ಲ.

ನಮ್ಮ ಓಣಿಯ ಕೊನೆಗೆ ಐಸ್ ಫ್ಯಾಕ್ಟರಿ ಇದೆ. ಮೀನುದೋಣಿಗಳಿಗೆ ಐಸ್ ತುಂಬಿಕೊಳ್ಳುವ ಲಾರಿಗಳು ಓಣಿಯೊಳಗೆ ರಿವರ್ಸಿನಲ್ಲೇ ಬರಬೇಕು. ಒಂದು ಬೆಳಿಗ್ಗೆ ಸಾರ್ ಗೇಟಿನ ಮುಂದೆ ನಿಂತು ಶುರು ಮಾಡಿದರು.

"ಬಾ, ಬಾ. ನಡುಗೆರೆ ಮೇಲೇ ಇದ್ದೀಯ. ಸ್ವಲ್ಪ ಎಡಕ್ಕೆ ಜಾರ್ತಾ ಇದ್ದೀಯ."

ಡ್ರೈವರ್ ಕಿಟಕಿಯಿಂದ ತಲೆ ಹಾಕಿದ. "ಯೋವ್ ಪೆರಿಸು, ನನಗೇನು ಕನ್ನಡಿ ಇಲ್ಲವಾ?" ಪೆರಿಸು ಅಂದರೆ ಈ ಕಡೆಯ ಭಾಷೆಯಲ್ಲಿ ಮುದುಕಪ್ಪ.

"ಉತ್ತರ ಕೊಡಬೇಡ. ಬಲಕ್ಕೆ ತಿರುಗಿಸು."

"ಯಾರಿಗಯ್ಯಾ ಉತ್ತರ ಕೊಡಬೇಡ ಅನ್ನೋದು? ಇಲ್ಲೇ ಹುಟ್ಟಿದವನು ನಾನು."

"ಚೆನ್ನಾಗಿ ಬರ್ತಾ ಇದ್ದೀಯ. ಬಹಳ ಚೆನ್ನಾಗಿ ಬರ್ತಾ ಇದ್ದೀಯ."

ಆ ಮನುಷ್ಯನಿಗೆ ಚೆನ್ನಾಗಿ ಬರುತ್ತಿದ್ದೀಯ ಅಂತ ಅಲ್ಲಿಯವರೆಗೆ ಯಾರೂ ಹೇಳಿರಲಿಕ್ಕಿಲ್ಲ. ಬಾಯಿ ಮುಚ್ಚಿದ. ಲಾರಿ ದಾರ ಹಿಡಿದ ಹಾಗೆ ನೆಟ್ಟಗೆ ಬಂತು. ಕ್ರಮೇಣ ಎಲ್ಲ ಡ್ರೈವರುಗಳೂ ನಮ್ಮ ಗೇಟಿನ ಮುಂದೆ ಹಾರನ್ ಹೊಡೆದು, ಸಾರ್ ಬರುವವರೆಗೆ ಕಾಯಲು ಶುರು ಮಾಡಿದರು.

ಒಮ್ಮೆ ಸಾರ್ ಹಲ್ಲು ಕೀಳಿಸಲು ರಜ ಹಾಕಿದ್ದರು. ಲಾರಿ ಬಂತು. "ಪಾಪ್ಪಾ, ಇವತ್ತು ನೀನೇ ಹೇಳಮ್ಮ" ಅಂದ ಡ್ರೈವರ್. ಪಾಪ್ಪಾ ಅಂದರೆ ಇಲ್ಲಿ ಪುಟ್ಟಿ. ಗೇಟಿನ ಮುಂದೆ ನಿಂತೆ. ಬಾಯಿ ತೆರೆದೆ. ಮುಚ್ಚಿದೆ. ಲಾರಿ ಸ್ವಲ್ಪ ಹೊತ್ತು ಗುರುಗುಟ್ಟುತ್ತ ನಿಂತಿದ್ದು, ಗೇರು ಬದಲಾಯಿಸಿ, ಬಂದ ದಾರಿಯಲ್ಲೇ ಮುಂದಕ್ಕೆ ಹೋಗಿ ಮೇನ್ ರೋಡು ಸೇರಿಕೊಂಡಿತು.

ಮರುದಿನ ಸಾರ್‌ಗೆ ಹೇಳಿದೆ. ಊದಿದ ಕೆನ್ನೆ ಹಿಡಿದುಕೊಂಡು ಕೇಳಿದರು. "ಒಳ್ಳೇ ಪೈಲಟ್" ಅಂದರು. "ದನಿ ಬರಲಿಲ್ಲ, ವಾಪಸ್ ಹಾರಿದ್ದಾನೆ."

ಕಾಗೆಗಳ ವಿಮಾನ ನಿಲ್ದಾಣ

ರೇಡಾರಿನಿಂದ ಅಲೆ ಹೊರಡಿಸಲು ಸರ್ಕಾರದ ಅನುಮತಿ ಬೇಕು. ನಮಗೆ ಇರಲಿಲ್ಲ. ಆಂಟೆನಾವನ್ನು ಸುಮ್ಮನೆ ತಿರುಗಿಸಲು ಯಾರ ಅನುಮತಿಯೂ ಬೇಡ. ಹಾಗಾಗಿ ಮೋಟರಿಗೆ ಗ್ರೀಸ್ ಹಚ್ಚಿ ಒಂದು ಮಧ್ಯಾಹ್ನ ತಿರುಗಿಸಿದೆವು. ಮಾಡಿನ ಮೇಲಿದ್ದ ಕಾಗೆಗಳೆಲ್ಲ ಹಾರಿಹೋದವು. ಅದನ್ನು ಗಮನಿಸಿದವರು ಗೇಟಿನ ಪಕ್ಕದಲ್ಲಿ ಒಣಮೀನು ಮಾರುವ ಅಕ್ಕ ಒಬ್ಬರೇ.

ಮರುದಿನ ನಾವು ಬರುವಷ್ಟರಲ್ಲಿ ರೇಡಾರ್ ಕೋಣೆಯ ಮಾಡಿನ ತುಂಬ ಚಾಪೆ, ಚಾಪೆಯ ತುಂಬ ಮೀನು.

"ಅಕ್ಕಾ, ಇದು ಮಿಲಿಟರಿ ಸಾಮಾನು" ಅಂದರು ಸಾರ್.

"ಗೊತ್ತು ಅಣ್ಣಾ. ಅದಕ್ಕೇ ಕಾಗೆಗೆ ಅಷ್ಟು ಹೆದರಿಕೆ. ಸ್ವಲ್ಪ ತಿರುಗಿಸ್ತೀರಾ?"

ಸಾರ್ ತಿರುಗಿಸಿದರು. ಆಮೇಲೆ ದಿನಾ ತಿರುಗಿಸಬೇಕಾಯಿತು. ವಾಲ್ವ್ ಬದಲಾಯಿಸಲು ಒಂದು ಹೊತ್ತು ನಿಲ್ಲಿಸಿದರೆ ಅಕ್ಕ ಬಾಗಿಲಿಗೆ ಬಂದು, "ಏನು ಪಾಪ್ಪಾ, ಇವತ್ತು ನಿಮ್ಮ ಮೆಷಿನ್ ಲೀವಾ?" ಅಂತ ಕೇಳುತ್ತಿದ್ದರು. ಒಂದು ದಿನ ಮೊದಲಾಳಿ ಬಂದು, ತಲೆಯೆತ್ತಿ ನೋಡಿ, ಮೂಗು ಹಿಡಿದುಕೊಂಡು, "ಏನ್ರೀ ಇದು?" ಅಂದರು.

"ಹಾರಾಟ ನಿಯಂತ್ರಣ ಸಾರ್" ಅಂದರು ನಮ್ಮ ಸಾರ್. "ಸದ್ಯಕ್ಕೆ ಕಾಗೆ ಸಿಕ್ಕಿದೆ."

ಕಷ್ಟವಾದದ್ದು ಮನೆಯಲ್ಲಿ. ನಮ್ಮದು ಮೈಸೂರಿನ ಕಡೆಯಿಂದ ಬಂದು ಪುರಸೈವಾಕ್ಕಂನಲ್ಲಿ ನೆಲೆಸಿದ ಅಯ್ಯಂಗಾರ್ ಮನೆ. ಬಾಗಿಲು ದಾಟುವ ಮುಂಚೆಯೇ ಅಜ್ಜಿ ಮೂಗು ಅರಳಿಸಿದರು.

"ಏನೇ ಅದು ವಾಸನೆ?"

"ರೇಡಾರು, ಅಜ್ಜಿ."

ಅಜ್ಜಿ ಬಾಗಿಲು ಪೂರ್ತಿ ತೆರೆದು ಒಳಗೆ ಬಿಟ್ಟುಕೊಂಡರು. ಸಂಜೆ ಮಹಡಿ ಮನೆಯ ಮಾಮಿ ಮೂಗು ಮುಚ್ಚಿಕೊಂಡು ಇಳಿದು ಬಂದಾಗ ಅವರಿಗೂ ಸಮಾಧಾನ ಹೇಳಿ ಕಳಿಸಿದರು. "ದೇಶ ಕಾಯೋ ಸಾಮಾನು ಕಣ್ರೀ. ಅಷ್ಟು ಸಹಿಸ್ಕೋಬೇಕು."

ಗುಹೆಯ ಹಿಡಿ

ಅಲೆ ಹೊರಡದಿದ್ದರೆ ಚುಕ್ಕೆ ಬರುವುದಿಲ್ಲ. ಚುಕ್ಕೆ ಬರದಿದ್ದರೆ ಟಿಕೆಟ್ ಕೌಂಟರ್. ನಮ್ಮನ್ನು ಉಳಿಸಿದ್ದು ರೇಡಾರಿನ ಜೊತೆಗೇ ಬಂದಿದ್ದ ಒಂದು ತಗಡಿನ ಪೆಟ್ಟಿಗೆ. ಹೊಸಬರಿಗೆ ತರಬೇತಿ ಕೊಡಲು ಮಾಡಿದ್ದು. ಅದು ಸ್ಕ್ರೀನಿನ ಮೇಲೆ ಸುಳ್ಳು ವಿಮಾನದ ಚುಕ್ಕೆಯೊಂದನ್ನು ತೋರಿಸುತ್ತದೆ. ಪೆಟ್ಟಿಗೆಯ ಹಿಡಿಯನ್ನು ಹಿಡಿದು ಒಬ್ಬರು ಪೈಲಟ್ಟಿನ ಹಾಗೆ ಅಲ್ಲಾಡಿಸಿದರೆ ಚುಕ್ಕೆ ಓಡಾಡುತ್ತದೆ. ಪೆಟ್ಟಿಗೆ ಸರಿಯಾಗಿತ್ತು. ಹಿಡಿ ಇರಲಿಲ್ಲ.

ಅಂಥ ಹಳೇ ಮಿಲಿಟರಿ ಸಾಮಾನು ಕೋಡಂಬಾಕ್ಕಂನಲ್ಲಿ ಸಿನಿಮಾಕ್ಕೆ ಸಾಮಾನು ಬಾಡಿಗೆ ಕೊಡುವವರ ಹತ್ತಿರ ಇರುತ್ತದೆ ಅಂತ ಯಾರೋ ಹೇಳಿದರು. ಹೋದೆವು. ಥರ್ಮೋಕೋಲ್ ಕಂಬಗಳ ಸಂದಿಯಲ್ಲಿ, ಆಸ್ಪತ್ರೆ ಮಂಚದ ಪಕ್ಕ, ಒಂದು ಮರದ ಡಬ್ಬದ ಮೇಲೆ ನಮ್ಮ ಹಿಡಿಯ ಅಣ್ಣತಮ್ಮನೇ ನಿಂತಿತ್ತು.

"ಅದಾ? ಅದು ಬಹಳ ಸೀನಿಯರ್ ಸಾರ್" ಅಂದರು ಅಂಗಡಿಯವರು. "ಕನ್ನಡ ಪಿಕ್ಚರೂ ಇಲ್ಲೇ ತೆಗೀತಿದ್ದ ಕಾಲದಿಂದ ಇದೆ. ವಿಲನ್ ಗುಹೆಯಲ್ಲಿ ಇದನ್ನ ಎಳೆದರೇ ಹೀರೋ ತೊಟ್ಟಿಗೆ ಬೀಳೋದು. ಈಗ ಟೈಮ್ ಮೆಷಿನ್ನಿಗೆ ಹೋಗುತ್ತೆ. ಕ್ಲೈಮ್ಯಾಕ್ಸಲ್ಲಿ ಎಷ್ಟೋ ಹೀರೋಗಳು ಇದನ್ನ ಕಿತ್ತಿದ್ದಾರೆ. ನಾವು ಮತ್ತೆ ಅಂಟಿಸ್ತೀವಿ."

ಮಾರಲು ಒಪ್ಪಲಿಲ್ಲ. ಬಾಡಿಗೆಗೆ ಮಾತ್ರ, ಶೂಟಿಂಗ್ ಬಂದರೆ ವಾಪಸ್ ಕೊಡಬೇಕು ಅಂದರು. ಹಿಡಿಯನ್ನು ಪೆಟ್ಟಿಗೆಗೆ ಜೋಡಿಸಲು ಅವರೇ ಬಂದರು. ಜೋಡಿಸಿ ಮುಗಿಸಿ, ಕೋಣೆಯನ್ನೆಲ್ಲ ಒಂದು ಸುತ್ತು ನೋಡಿ, ಬೇಸರದಿಂದ ತಲೆಯಾಡಿಸಿದರು.

"ತಪ್ಪು ತಿಳೀಬೇಡಿ ಸಾರ್. ನಿಜವಾದ ರೇಡಾರ್ ತರಹ ಇಲ್ಲ ಇದು. ಕೆಂಪು ಬಲ್ಬ್ ಎರಡು ಹಾಕಿಸಿ, ಮಿಣಮಿಣ ಅನ್ನೋದು."

ಬಾಗಿಲಲ್ಲಿ ನಿಂತಿದ್ದ ಮೊದಲಾಳಿ ಮರುದಿನವೇ ಎರಡು ಕೆಂಪು ಬಲ್ಬ್ ಹಾಕಿಸಿದರು. ಸಾರ್ ಅವತ್ತು ಐದು ಸೆಕೆಂಡಿಗಿಂತ ಹೆಚ್ಚು ಸುಮ್ಮನಿದ್ದರು.

ವಿಮಾನಕ್ಕೊಂದು ಫ್ಯಾನು

ಚುಕ್ಕೆ ಬಂತು. ಬಂದ ಮೇಲೆ ಗೊತ್ತಾಯಿತು, ಅದು ನಿಂತಲ್ಲಿ ನಿಲ್ಲುವುದಿಲ್ಲ. ಪೆಟ್ಟಿಗೆ ಬಿಸಿಯಾದ ಹಾಗೆಲ್ಲ ಚುಕ್ಕೆ ತನ್ನಷ್ಟಕ್ಕೆ ಎಡಕ್ಕೂ ಕೆಳಕ್ಕೂ ಜಾರುತ್ತ ಹೋಗುತ್ತಿತ್ತು. ಹಿಡಿಯನ್ನು ಯಾರೂ ಮುಟ್ಟದಿದ್ದರೂ ಜಾರುತ್ತಿತ್ತು. ಬಿಡಿ ಭಾಗಗಳನ್ನೆಲ್ಲ ಬದಲಾಯಿಸಿ ನೋಡಿದೆವು. ಕೊನೆಗೆ ಸಾರ್ ರೋಗ ಹೇಳಿದರು. "ಅದಕ್ಕೆ ಸೆಕೆ ಆಗ್ತಾ ಇದೆಯಮ್ಮ." ಕೋಣೆಯ ಗೋಡೆಗಿದ್ದ ಹಳೇ ಫ್ಯಾನನ್ನು ಪೆಟ್ಟಿಗೆಯ ಕಡೆ ತಿರುಗಿಸಿದೆವು. ಚುಕ್ಕೆ ಏರಿತು. ಆದರೆ ಆ ಫ್ಯಾನು ಕತ್ತು ತಿರುಗಿಸುವಂಥದ್ದು. ಈ ಕಡೆ ನೋಡಿದರೆ ವಿಮಾನ ಮೇಲಕ್ಕೆ, ಆ ಕಡೆ ನೋಡಿದರೆ ಕೆಳಕ್ಕೆ.

ಕತ್ತು ತಿರುಗಿಸದ ಫ್ಯಾನು ತರಲು ಅಜ್ಜಿಯ ಜೊತೆ ನಮ್ಮ ಬೀದಿಯ ಅಂಗಡಿಗೆ ಹೋದೆ. ಅಂಗಡಿಯಲ್ಲಿ ಮಾತಾಡಬೇಕಾಗುತ್ತದಲ್ಲ, ಅದಕ್ಕೆ ಅಜ್ಜಿ.

"ತಿರುಗೋದೇ ಒಳ್ಳೇದು ಪಾಟಿ, ರೂಮಿಗೆಲ್ಲ ಗಾಳಿ ಬರುತ್ತೆ" ಅಂದ ಅಂಗಡಿಯವನು. ಪಾಟಿ ಅಂದರೆ ತಮಿಳಿನಲ್ಲಿ ಅಜ್ಜಿ.

"ಬೇಡಪ್ಪ. ತಿರುಗಿದರೆ ವಿಮಾನ ಬಿದ್ದುಹೋಗುತ್ತಂತೆ" ಅಂದರು ಅಜ್ಜಿ.

ಅವನು ನನ್ನ ಮುಖ ನೋಡಿದ. ನಾನು ಹೌದು ಅಂತ ತಲೆಯಾಡಿಸಿದೆ. ಅವನು ಫ್ಯಾನನ್ನು ಕಟ್ಟಿ, ಬಿಲ್ಲಿನ ಜೊತೆ ಕೈಗಿಟ್ಟ. "ಗ್ಯಾರಂಟಿ ಮನೆಯ ಬಳಕೆಗೆ ಮಾತ್ರ ಪಾಟಿ" ಅಂದ.

ಉದ್ಘಾಟನೆ

ಆ ದಿನ ಬೆಳಗಾಗುವ ಮುಂಚಿನಿಂದ ಓಣಿಗೆ ಗಾಡಿಗಳು ಬರತೊಡಗಿದವು. ಶಾಮಿಯಾನದ ಲಾರಿ, ಜನರೇಟರು, ಹೂವಿನ ವ್ಯಾನು, ಊಟದವರದು, ಜೊತೆಗೆ ಎಂದಿನ ಐಸ್ ಲಾರಿಗಳು. ಎಲ್ಲವನ್ನೂ ಸಾರ್ ಒಂದೊಂದಾಗಿ ಮಾತಿನಲ್ಲೇ ಒಳಗೆ ತಂದರು. ಕೊನೆಯದು ನಿಂತಾಗ ಅವರ ಗಂಟಲಿನಿಂದ ಗಾಳಿ ಮಾತ್ರ ಬರುತ್ತಿತ್ತು. ಬಿಸಿನೀರು, ಮೆಣಸು, ಯಾವುದಕ್ಕೂ ದನಿ ಹೊರಡಲಿಲ್ಲ. ನನ್ನ ಕಡೆ ಬೆರಳು ತೋರಿಸಿ, ಗಾಳಿಯಲ್ಲೇ "ನೀನೇ" ಅಂದರು.

ನಾನು ಬಾಗಿಲ ಕಡೆ ನೋಡಿದೆ. ಹಿಂದಿನ ದಿನವಷ್ಟೇ ಬಡಗಿ ಚೌಕವನ್ನು ಹೊಸದಾಗಿ ಬರೆದು ಹೋಗಿದ್ದ. ಇವತ್ತು ಶುಭ್ರವಾಗಿ ಬಂದು, ಉಪಕರಣದ ಚೀಲದ ಸಮೇತ, ಕೋಣೆಯ ಬಾಗಿಲ ಹೊರಗೆ ನಿಂತಿದ್ದ. ಮೊದಲಾಳಿಯೇ ಬರಹೇಳಿದ್ದರು.

ಮುಖ್ಯ ಅತಿಥಿ ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಅಗಲವಾದ ಬೆನ್ನು, ಅದರ ಮೇಲೆ ಆಗ ತಾನೇ ಹೊದಿಸಿದ ಜರಿ ಶಾಲು. ಅವರನ್ನು ಕೋಣೆಯ ಆ ತುದಿಯಲ್ಲಿ ಪೆಟ್ಟಿಗೆಯ ಮುಂದೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಹಿಡಿ ಕೊಟ್ಟೆವು. ನಾನು ಈ ತುದಿಯಲ್ಲಿ ಸ್ಕ್ರೀನಿನ ಮುಂದೆ ಕೂತೆ. ನನಗೆ ಅವರ ಶಾಲು ಮಾತ್ರ ಕಾಣುತ್ತಿತ್ತು. ನಡುವೆ ಸಾರ್. ಸುತ್ತ ಬಾಗಿಲವರೆಗೂ ಜನ. ಫೋಟೋದವನು ತನ್ನ ಲೈಟಿಗೆ ಪ್ಲಗ್ಗು ಸಿಗದೆ, ಮೂಲೆಯಲ್ಲಿದ್ದ ಯಾವುದೋ ಒಂದನ್ನು ಕಿತ್ತು ತನ್ನದನ್ನು ಸಿಕ್ಕಿಸಿದ. ಏನು ಕಿತ್ತೆ ಅಂತ ಕೇಳಬೇಕೆನಿಸಿತು. ಗುರುತು ಪರಿಚಯ ಇಲ್ಲದವರನ್ನು ಕೇಳುವುದು ಹೇಗೆ ಅಂತ ಸುಮ್ಮನಾದೆ.

ಮೈಕ್ ಹಿಡಿದೆ. ಇಂಗ್ಲಿಷಿನಲ್ಲಿ ಹೇಳಬೇಕಾದದ್ದು. ಸ್ಕೂಲ್ ಅಸೆಂಬ್ಲಿಯಲ್ಲಿ ಬಾಯಿಪಾಠ ಒಪ್ಪಿಸಿದ ಹಾಗೆ. ನನಗೆ ಭಯವಿದ್ದದ್ದು ಯಾರಾದರೂ ತಿರುಗಿ ಏನಾದರೂ ಕೇಳಿಬಿಟ್ಟರೆ ಅನ್ನುವುದು. ಹಾಗಾಗಿ ಮೊದಲ ಮಾತೇ ಅದನ್ನು ಹೇಳಿದೆ.

"ಇನ್ನು ಉತ್ತರ ಕೊಡಬೇಡಿ. ಇಳಿಯುತ್ತಿದ್ದೀರಿ."

ಆಮೇಲೆ ಎಲ್ಲ ಸಲೀಸಾಯಿತು. ಸ್ಕ್ರೀನಿನ ಗೆರೆ ಮೇಲಿನ ಬಲ ಮೂಲೆಯಿಂದ ಕೆಳಗಿನ ಎಡಕ್ಕೆ ಇಳಿಯುತ್ತದೆ. ಚುಕ್ಕೆ ಅದರ ಮೇಲೇ ಬರುತ್ತಿತ್ತು. "ಗೆರೆಯ ಮೇಲಿದ್ದೀರಿ. ಚೆನ್ನಾಗಿ ಇಳಿಸುತ್ತಿದ್ದೀರಿ" ಅಂದೆ. ಯಾರೂ ತಿರುಗಿ ಮಾತಾಡಲಿಲ್ಲ. ಇನ್ನಷ್ಟು ಹೇಳಿದೆ. ನನ್ನ ದನಿ ಅಷ್ಟು ಹೊತ್ತು ಒಂದೇ ಸಮ ಬಂದದ್ದನ್ನು ನಾನೇ ಕೇಳಿರಲಿಲ್ಲ.

ಸಾರ್ ಮಾತ್ರ ವಿಚಿತ್ರವಾಗಿ ಆಡುತ್ತಿದ್ದರು. ಮುಷ್ಟಿ ಎತ್ತಿ ತೋರಿಸಿದರು. ಗಾಳಿಯಲ್ಲಿ ಏನನ್ನೋ ಕಿತ್ತ ಹಾಗೆ ಮಾಡಿದರು. ಅತಿಥಿಯ ಕಡೆ ಕೈ ತೋರಿಸಿದರು. ನಿಲ್ಲಿಸಬೇಡ, ಐದು ಸೆಕೆಂಡು ಮೀರಬೇಡ ಅನ್ನುತ್ತಿದ್ದಾರೆ ಅಂದುಕೊಂಡು ಜೋರಾಗಿ ಹೇಳಿದೆ.

ಅಷ್ಟರಲ್ಲಿ ಬಡಗಿ ನೋಡಲೆಂದು ಬಾಗಿಲು ತೆರೆದ. ಕಡಲಿನ ಗಾಳಿ ಒಳಗೆ ಬಂತು. ಚುಕ್ಕೆ ಮೇಲಕ್ಕೇರಿತು.

"ಎತ್ತರ ಜಾಸ್ತಿಯಾಯಿತು. ಇಳಿಸಿ" ಅಂದೆ.

ಯಾರೋ ಬಡಗಿಯನ್ನು ಗದರಿ ಬಾಗಿಲು ಹಾಕಿಸಿದರು. ಚುಕ್ಕೆ ಗೆರೆಗೆ ಇಳಿಯಿತು.

"ಬಹಳ ಒಳ್ಳೆಯ ತಿದ್ದುಪಡಿ" ಅಂದೆ.

ಚುಕ್ಕೆ ಗೆರೆಯ ತುದಿ ಮುಟ್ಟಿತು. ಜನ ಚಪ್ಪಾಳೆ ತಟ್ಟಿದರು. ಮೊದಲಾಳಿ ಕಣ್ಣೊರೆಸಿಕೊಂಡರು. ನಿಯಮದ ಪ್ರಕಾರ ಕೊನೆಯ ಮಾತು ಹೇಳಿದೆ. "ನೆಲ ಮುಟ್ಟಿದ್ದೀರಿ. ಇನ್ನು ಮಾತಾಡಬಹುದು."

ಮುಖ್ಯ ಅತಿಥಿ ಕುರ್ಚಿ ಸಮೇತ ನಿಧಾನವಾಗಿ ತಿರುಗಿದರು. ಅವರ ಬಲಗೈಯಲ್ಲಿ ಹಿಡಿ ಇತ್ತು. ಹಿಡಿ ಮಾತ್ರ ಇತ್ತು.

"ಶುರುವಿನಲ್ಲೇ ಕೈಗೆ ಬಂತಮ್ಮ" ಅಂದರು. "ಹೇಳೋಣ ಅಂದರೆ ನೀವು ಉತ್ತರ ಕೊಡಬೇಡಿ ಅಂದಿರಿ."

ಚಪ್ಪಾಳೆ ನಿಂತಿತು. ಬಾಗಿಲಿನ ಆಚೆ ಬಡಗಿ ಚೀಲದ ದಾರ ಬಿಚ್ಚಿದ ಸದ್ದು ಕೇಳಿಸಿತು.

"ಹಾಗಾದರೆ ಇಳಿಸಿದ್ದು ಯಾರು?" ಅಂತ ಕೇಳಿದರು ಮೊದಲಾಳಿ.

ಸಾರ್ ಬಾಯಿ ತೆರೆದರು, ಗಾಳಿ ಬಂತು. ಎಲ್ಲರೂ ನನ್ನ ಕಡೆ ತಿರುಗಿದರು. ಮೂಲೆಯಲ್ಲಿ ನಮ್ಮ ಫ್ಯಾನು ನಿಂತಿತ್ತು. ಅದರ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಉತ್ತರ ಕೊಡಲೇಬೇಕಾಯಿತು.

"ಸೆಕೆ" ಅಂದೆ.

ಆ ಕೋಣೆಯಲ್ಲಿ ಬೆವರದೆ ಇದ್ದವರು ಯಾರೂ ಇರಲಿಲ್ಲ. ಯಾರೂ ನನ್ನ ಮಾತನ್ನು ಪ್ರಶ್ನಿಸಲಿಲ್ಲ. ಮುಖ್ಯ ಅತಿಥಿ ಹಿಡಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಮೊದಲಾಳಿ, ಈ ಯಂತ್ರವನ್ನು ಮಾತ್ರ ಕಿತ್ತು ಹಾಕಬೇಡಿ" ಅಂದರು. "ನನ್ನ ಸರ್ವೀಸು ಪೂರ್ತಿ ಹೀಗೇ ಕಳೆದೆ. ಕೈಯಲ್ಲಿ ಹಿಡಿ ಇತ್ತು, ಹಿಡಿಗೆ ಏನೂ ಅಂಟಿಕೊಂಡಿರಲಿಲ್ಲ. ಎಲ್ಲ ತಾನಾಗಿಯೇ ನಡೀತು. ಬಹಳ ಚೆನ್ನಾಗಿ ನಡೆಸಿದಿರಿ ಅಂತ ಶಾಲು ಹೊದಿಸಿದರು. ಇಷ್ಟು ನಿಜವಾದದ್ದನ್ನು ನಾನು ಯಾವ ಮ್ಯೂಸಿಯಂನಲ್ಲೂ ನೋಡಿಲ್ಲ."

ಮೊದಲಾಳಿ ಬಾಗಿಲು ತೆರೆದು, ಟಿಕೆಟ್ ಕಿಟಕಿಯನ್ನು ಗೇಟಿನ ವಾಚ್‌ಮನ್ ಶೆಡ್ಡಿಗೆ ಹಾಕು ಅಂತ ಬಡಗಿಗೆ ಹೇಳಿದರು. ಅವನು ಒಳಗೆ ಬಂದು, ಕ್ಯಾಲೆಂಡರಿನ ಮೇಲಿದ್ದ ಚೌಕವನ್ನು ತನ್ನ ಟವೆಲಿನಿಂದ ಒರೆಸಿ ಹೋದ.

ಸಾರ್‌ಗೆ ದನಿ ವಾಪಸ್ ಬಂದಿದೆ. ಫ್ಯಾನನ್ನು ಈಗ ತಮ್ಮ ಕಾಲ ಹತ್ತಿರ, ಹೆಬ್ಬೆರಳಿಗೆ ಸ್ವಿಚ್ ಎಟಕುವ ಹಾಗೆ ಇಟ್ಟುಕೊಂಡಿದ್ದಾರೆ. ಶೂಟಿಂಗ್ ಬಂತು ಅಂತ ಕೋಡಂಬಾಕ್ಕಂನವರು ಹಿಡಿಯನ್ನು ವಾಪಸ್ ತೆಗೆದುಕೊಂಡು ಹೋದರು. ಅಜ್ಜಿಯ ಹಳೇ ಛತ್ರಿಯ ಹಿಡಿಯನ್ನು ಪೆಟ್ಟಿಗೆಯ ಮುಂದೆ ಇಟ್ಟಿದ್ದೇವೆ. ನೋಡಲು ಬಂದವರು ಅದನ್ನು ಹಿಡಿದು ಕೂರುತ್ತಾರೆ, ಸಾರ್ "ಚೆನ್ನಾಗಿ ಬರ್ತಾ ಇದ್ದೀರಿ" ಅನ್ನುತ್ತಾರೆ, ಎಲ್ಲರೂ ಇಳಿಸಿ ಹೆಮ್ಮೆಯಿಂದ ಎದ್ದು ಹೋಗುತ್ತಾರೆ. ಇದುವರೆಗೆ ಒಂದು ವಿಮಾನವೂ ಬಿದ್ದಿಲ್ಲ.